ತಂಗುಮದ್ದು

ಜೂನ್ ತಿಂಗಳಲ್ಲಿ ಶಂಖಬೇಲೆಯ ದಂಡೆಯ ಮೇಲೆ ಸೂರ್ಯ ಏಳು ಗಂಟೆಗೆ ಮುಳುಗುತ್ತಾನೆ. ದಂಡೆಯಿಂದ ಕೂಗಳತೆಯಲ್ಲಿದ್ದ ಶೀತಸಾಗರ ಜೀವಿ ಕೇಂದ್ರದ ಒಳಗೆ ಮಾತ್ರ ಹೊತ್ತು ಮುಳುಗುತ್ತಿದ್ದದ್ದು ಹತ್ತು ಗಂಟೆಗೆ. ಮುಳುಗಿಸುತ್ತಿದ್ದವಳು ವನಮಾಲಾ ಅಂಬಿಗ.

ಕೇಂದ್ರದ ಬೆಳಕಿನ ಉಸ್ತುವಾರಿ ಅವಳದು. ಹದಿನೆಂಟು ವರ್ಷಗಳಿಂದ ಅದೇ ಕೆಲಸ. ಫುಟ್‌ಬಾಲ್ ಮೈದಾನದಷ್ಟು ದೊಡ್ಡದಾದ, ಒಂದೂ ಕಿಟಕಿಯಿಲ್ಲದ ಹಜಾರ. ಚಾವಣಿಯ ತುಂಬ ದೀಪಗಳು. ಕೆಳಗೆ ಕೊರೆಯುವಷ್ಟು ತಣ್ಣಗಿನ ಉಪ್ಪುನೀರಿನ ಕೊಳ. ಅದರ ಅಂಚಿಗೆ ಸಿಮೆಂಟಿನಲ್ಲಿ ಕಟ್ಟಿದ ಬಂಡೆಗಳು. ಬಂಡೆಗಳ ಮೇಲೆ ಹನ್ನೊಂದು ಹೆಣ್ಣು ಕಡಲ ಸಿಂಹಗಳು, ಒಂದು ಗಂಡು. ಉತ್ತರ ಶಾಂತಸಾಗರ ಬಿಸಿಯಾಗಿ, ಮೀನು ಚದುರಿ, ಸ್ಟೆಲ್ಲರ್ ಕಡಲ ಸಿಂಹಗಳ ದ್ವೀಪಗಳು ಒಂದೊಂದಾಗಿ ಬರಿದಾದಾಗ, ಉಳಿದವನ್ನು ಹಿಡಿದು ಜಗತ್ತಿನ ನಾಲ್ಕು ಕಡೆ ಹಂಚಿದ್ದರು. ಮೂರು ಕಡೆ ಅವು ಬದುಕಲಿಲ್ಲ. ಶಂಖಬೇಲೆಯಲ್ಲಿ ಬದುಕಿದವು. ಪಕ್ಕದ ಬಂದರಿನಲ್ಲಿ ಹಡಗಿನಿಂದ ಇಳಿಯುವ ದ್ರವ ಅನಿಲವನ್ನು ಮತ್ತೆ ಅನಿಲ ಮಾಡುವಾಗ ಕಡಲ ನೀರು ತಣ್ಣಗಾಗುತ್ತಿತ್ತು. ಬೇರೆ ಕಡೆ ಚೆಲ್ಲಿಹೋಗುವ ಆ ತಂಪು ಇಲ್ಲಿ ಕೊಳವೆಯಲ್ಲಿ ಪುಕ್ಕಟೆ ಬರುತ್ತಿತ್ತು.

ತಂಪೊಂದೇ ಇದ್ದರೆ ಸಾಲದು. ಆ ಪ್ರಾಣಿಗಳಿಗೆ ಅವುಗಳ ಊರಿನ ಹಗಲೂ ಬೇಕು. ಜೂನಿನಲ್ಲಿ ಹದಿನೆಂಟು ಗಂಟೆಯ ಹಗಲು, ಡಿಸೆಂಬರಿನಲ್ಲಿ ಆರೂವರೆ. ವನಮಾಲಾ ಆ ದೂರದ ದ್ವೀಪದ ಪಂಚಾಂಗವನ್ನು ಮುಂದಿಟ್ಟುಕೊಂಡು ದಿನಕ್ಕಿಷ್ಟು ನಿಮಿಷದಂತೆ ದೀಪಗಳನ್ನು ಹಿಗ್ಗಿಸುತ್ತಿದ್ದಳು, ಕುಗ್ಗಿಸುತ್ತಿದ್ದಳು. ಅವಳು ಕೊಟ್ಟ ಹಗಲನ್ನು ನಂಬಿ ಪ್ರಾಣಿಗಳು ವರ್ಷ ಕಳೆಯುತ್ತಿದ್ದವು. ಮೇ ತಿಂಗಳು ಬಂತೆಂದರೆ, ಕೇಂದ್ರದವರೆಲ್ಲ ದಳವಾಯಿ ಎಂದು ಕರೆಯುವ ಗಂಡು ಎತ್ತರದ ಬಂಡೆಯನ್ನೇರಿ ಕೂರುತ್ತಿತ್ತು. ಒಂದು ಸಾವಿರ ಕಿಲೋ ತೂಕ, ಕುತ್ತಿಗೆಯ ಸುತ್ತ ಒರಟು ಕೇಸರ. ಆಮೇಲೆ ಎರಡು ತಿಂಗಳು ಅದು ಮೀನು ಮುಟ್ಟುವುದಿಲ್ಲ, ಬಂಡೆ ಬಿಟ್ಟು ಇಳಿಯುವುದಿಲ್ಲ. ಜೂನಿನಲ್ಲಿ ಹೆಣ್ಣುಗಳು ಈಯುತ್ತಿದ್ದವು. ಒಂದಕ್ಕೆ ಒಂದೇ ಮರಿ, ಕಪ್ಪಗೆ, ಇಪ್ಪತ್ತು ಕಿಲೋ. ಬೆಳೆದು ಉಳಿಯುತ್ತಿದ್ದದ್ದು ಸತ್ತ ಹಿರಿಯವುಗಳ ಜಾಗ ತುಂಬುವಷ್ಟೇ. ಹತ್ತು ದಿನ ತಾಯಿ ಮರಿಯ ಪಕ್ಕ ಬಿಟ್ಟು ಕದಲುವುದಿಲ್ಲ. ನಂತರ ನೀರಿಗಿಳಿದು ಬಂದು ಕೂಗುತ್ತದೆ. ಹನ್ನೊಂದು ಮರಿಗಳಲ್ಲಿ ಅದರದ್ದೊಂದೇ ಓಗೊಡುತ್ತದೆ. ಹೆತ್ತ ಎರಡು ವಾರದೊಳಗೇ ತಾಯಿ ಮತ್ತೆ ದಳವಾಯಿಯೊಂದಿಗೆ ಕೂಡುತ್ತಿತ್ತು.

ಬೆರಗಿರುವುದು ಇಲ್ಲಿಂದ ಮುಂದೆ. ಕೂಡಿದ ಮೇಲೆ ಹುಟ್ಟಿದ ಭ್ರೂಣ ಸೂಜಿಮೊನೆಯಷ್ಟಾಗಿ ಅಲ್ಲಿಗೇ ನಿಂತುಬಿಡುತ್ತದೆ. ಗರ್ಭಕ್ಕೆ ಅಂಟಿಕೊಳ್ಳುವುದಿಲ್ಲ, ಸಾಯುವುದೂ ಇಲ್ಲ. ಮೂರು ತಿಂಗಳು ಒಳಗೇ ತೇಲಿಕೊಂಡು ಕಾಯುತ್ತದೆ. ಅಷ್ಟರಲ್ಲಿ ತಾಯಿಯ ಮೈ ಲೆಕ್ಕ ಹಾಕುತ್ತಿರುತ್ತದೆ. ಕೊಬ್ಬು ಸಾಕಷ್ಟಿದೆಯೆ? ಹಗಲು ಕಿರಿದಾಗುತ್ತಿದೆಯೆ? ಎರಡೂ ಸರಿಯೆನ್ನಿಸಿದರೆ ಅಕ್ಟೋಬರಿನ ಒಂದು ದಿನ ಅದು ಅಂಟಿಕೊಂಡು ಬೆಳೆಯತೊಡಗುತ್ತದೆ.

‘ಇದನ್ನು ಮನುಷ್ಯರಿಗೂ ತಂದರೆ?’ ಎಂದು ಮೊದಲು ಕೇಳಿದವರು ಕೇಂದ್ರದ ಮುಖ್ಯಸ್ಥ ಡಾಕ್ಟರ್ ವಿಲಾಸ ರಾಯ್ಕರ್.

ಕೇಳುವುದಕ್ಕೆ ಕಾರಣವಿತ್ತು. ಮೀನು ಸೋತ ಮೇಲೆ ಆ ಕರಾವಳಿಯಲ್ಲಿ ಉಳಿದಿದ್ದ ದುಡಿಮೆಯೆಂದರೆ ಕಡಲ ಪಾಚಿಯ ಕೃಷಿ. ನೀರಿನೊಳಗೆ ಹಗ್ಗ ಕಟ್ಟಿ, ಪಾಚಿ ಬೆಳೆಸಿ, ಮುಳುಗಿ ಕೊಯ್ಯುವುದು. ಕೊಯ್ಯುವವರೆಲ್ಲ ಹೆಂಗಸರು. ಅಕ್ಟೋಬರಿನಿಂದ ಮೇ ತನಕ ಹಂಗಾಮು. ಬಸುರಿಯಾದವಳನ್ನು ನೀರಿಗೆ ಇಳಿಸುವಂತಿರಲಿಲ್ಲ, ಹಾಗಾಗಿ ಬಸುರಾದರೆ ಕೆಲಸ ಹೋಯಿತೆಂದೇ ಅರ್ಥ. ರಾಯ್ಕರ್ ಕಡಲ ಸಿಂಹಗಳ ಗರ್ಭದ ದ್ರವದಲ್ಲಿ ಭ್ರೂಣವನ್ನು ತಡೆದು ನಿಲ್ಲಿಸುವ ಪ್ರೋಟೀನನ್ನು ಕಂಡುಹಿಡಿದರು. ನಾಲ್ಕನೇ ದಿನಕ್ಕೇ ಬಸಿರನ್ನು ಹೇಳುವ ಪರೀಕ್ಷಾ ಪಟ್ಟಿ ಆಗಲೇ ಬಂದಿತ್ತು. ಪಟ್ಟಿ ಹೌದೆಂದ ಕೂಡಲೇ ಒಂದು ಚುಚ್ಚುಮದ್ದು ತೆಗೆದುಕೊಂಡರೆ ಬಸಿರು ನಿಂತಲ್ಲೇ ನಿಲ್ಲುತ್ತಿತ್ತು. ಹಂಗಾಮು ಮುಗಿದ ಮೇಲೆ ಇನ್ನೊಂದು ತೆಗೆದುಕೊಂಡರೆ ಮುಂದುವರಿಯುತ್ತಿತ್ತು. ಮೊದಲು ಅರವತ್ತು ಹೆಂಗಸರಿಗೆ ಕೊಟ್ಟು ನೋಡಿದರು. ಐವತ್ತೊಂಬತ್ತು ಮಕ್ಕಳು ಹುಟ್ಟಿದವು, ಎಲ್ಲವೂ ಆರೋಗ್ಯವಾಗಿ. ಅರವತ್ತನೆಯವಳು ಪ್ರಯೋಗ ಬಿಟ್ಟುಹೋದಳೆಂದು ವರದಿಯಲ್ಲಿ ಬರೆದಿತ್ತು. ಮದ್ದಿಗೆ ಯಾವುದೋ ಉದ್ದದ ಹೆಸರಿತ್ತು. ಹೆಂಗಸರು ಅದನ್ನು ತಂಗುಮದ್ದು ಎಂದರು. ಅದೇ ನಿಂತಿತು.

ಮರುವರ್ಷ ಕರಾವಳಿಯ ಇನ್ನೂರ ಹದಿಮೂರು ಮುಳುಗುಗಾರ್ತಿಯರು ಅದನ್ನು ತೆಗೆದುಕೊಂಡರು. ಅವರಲ್ಲಿ ವನಮಾಲಾಳ ಮಗಳು ಸುಗಂಧಾ ಕೂಡ ಇದ್ದಳು.

ಮದುವೆಯಾಗಿ ಐದು ವರ್ಷಕ್ಕೆ ನಿಂತ ಬಸಿರು ಅದು. ನವೆಂಬರಿನ ಒಂದು ಬೆಳಿಗ್ಗೆ ಪಟ್ಟಿ ತೋರಿಸುತ್ತ ಸುಗಂಧಾ ನಕ್ಕಿದ್ದಳು. ಆ ಸಂಜೆಗೇ ಆರೋಗ್ಯ ಕೇಂದ್ರಕ್ಕೆ ಹೋಗಿ ತಂಗುಮದ್ದು ಚುಚ್ಚಿಸಿಕೊಂಡು ಬಂದಳು.

“ಅಷ್ಟು ಕಾದು ಬಂದದ್ದನ್ನ ಮತ್ತೆ ಕಾಯಿಸುದೆಂತಕ್ಕೇ?” ವನಮಾಲಾ ಕೇಳಿದ್ದಳು.

“ಮೇ ಒಂದು ಮುಗಿಲಿ ಅಮ್ಮಾ. ಮಳೆಗಾಲಕ್ಕೆ ದೋಣಿ ಮೇಲೆ ಎಳೆದ ಮೇಲೆ ಎಬ್ಬಿಸುಕೆ ಹೇಳ್ತೆ. ನಿಮ್ಮ ಡಾಕ್ಟ್ರೇ ಮಾಡಿದ ಮದ್ದಲ್ದಾ? ನೀನೇ ಹೆದರಿದ್ರೆ ಹೆಂಗೆ?”

ಆ ಮದ್ದಿಗಾಗಿ ಹೆಣ್ಣು ಪ್ರಾಣಿಗಳನ್ನು ಮಲಗಿಸಿ ದ್ರವ ತೆಗೆಯುವಾಗ ಅವುಗಳ ತಲೆ ಹಿಡಿದು ಕೂತಿದ್ದವಳು ವನಮಾಲಾಳೇ.

ಮೇ ಮುಗಿಯಿತು. ಜೂನ್ ಮೊದಲ ವಾರ ಇನ್ನೂರ ಹದಿಮೂರು ಮಂದಿಗೂ ಎಬ್ಬಿಸುವ ಚುಚ್ಚುಮದ್ದು ಕೊಟ್ಟರು. ಹತ್ತು ದಿನಕ್ಕೆ ರಕ್ತ ಪರೀಕ್ಷೆ.

ಸುಗಂಧಾ ಕಾಗದ ಹಿಡಿದು ಬಂದಾಗ ವನಮಾಲಾ ಅಡುಗೆಮನೆಯಲ್ಲಿ ಒಣಸಿಗಡಿ ಹುರಿಯುತ್ತಿದ್ದಳು. ಮಗಳು ಛತ್ರಿ ಮಡಚದೆ ಬಾಗಿಲಲ್ಲೇ ನಿಂತಳು.

“ಬಸಿರಿಲ್ಲ ಅಂತಾ ಬಂತು,” ಎಂದಳು.

ವನಮಾಲಾ ಒಲೆ ಆರಿಸಿದಳು. “ಹೋಯ್ತನೇ?”

“ಹೋಗ್ಲೂ ಇಲ್ಲ. ತಂಗಿದ ಗುರುತು ರಕ್ತದಲ್ಲಿ ಹಂಗೇ ಅದೆಯಂತೆ. ಎದ್ದಿಲ್ಲ, ಅಷ್ಟೇ. ನರ್ಸ್ ಬಾಯಿ ಕೈಲಿ ಬೇರೆಯವ್ರ ಕಾಗದನೂ ಇತ್ತು. ನಾ ಬಗ್ಗಿ ಓದಿದೆ. ಒಬ್ಬರದ್ದೂ ಎದ್ದಿಲ್ಲ ಅಮ್ಮಾ.”

ಮರುದಿನ ಎರಡು ಪಟ್ಟು ಪ್ರಮಾಣದಲ್ಲಿ ಮದ್ದು ಕೊಟ್ಟರು. ಜೂನ್ ಕೊನೆಗೆ ಮೂರು ಪಟ್ಟು. ಹೆಂಗಸರಿಗೆ ಜ್ವರ ಬಂತು, ಕೂದಲು ಉದುರಿತು, ತಂಗಿದ್ದು ಏಳಲಿಲ್ಲ. ರಾಯ್ಕರ್ ಪ್ರಯೋಗಾಲಯದಿಂದ ಹೊರಗೆ ಬರುವುದನ್ನೇ ಬಿಟ್ಟರು. ಕೊಳದ ಬಂಡೆಗಳ ಮೇಲೆ ಹನ್ನೊಂದು ಮರಿಗಳು ಹುಟ್ಟಿ ಕಿರುಚುತ್ತಿದ್ದವು. ದಳವಾಯಿಯ ಕೂಗು ಇಳಿಜಾರಿನಲ್ಲಿ ಗೇರು ಬದಲಿಸುವ ಲಾರಿಯಂತೆ ಗೋಡೆಗಳನ್ನು ಅದುರಿಸುತ್ತಿತ್ತು. ವನಮಾಲಾಳಿಗೆ ಆ ವರ್ಷ ಮರಿಗಳನ್ನು ನೋಡುವ ಮನಸ್ಸಾಗಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅವಳು ಹಳೆಯ ಬೆಳಕಿನ ದಾಖಲೆಗಳನ್ನು ತೆಗೆದು ಕೂತಳು. ಅರವತ್ತು ಮಂದಿಯ ಪ್ರಯೋಗ ನಡೆದ ವರ್ಷದ್ದು. ಆ ಹೆಂಗಸರನ್ನು ಇರಿಸಿದ್ದು ಕೇಂದ್ರದ ಮೇಲಂತಸ್ತಿನಲ್ಲಿ, ಹಜಾರದ ಕಡೆ ಗಾಜಿನ ಗೋಡೆಯಿದ್ದ ಕೋಣೆಗಳಲ್ಲಿ. ಆ ಕೋಣೆಗಳಿಗೆ ಬೇರೆ ದೀಪದ ವ್ಯವಸ್ಥೆ ಇರಲಿಲ್ಲ. ಕೊಳಕ್ಕೆ ಯಾವ ಹಗಲೋ ಅವರಿಗೂ ಅದೇ. ಎಬ್ಬಿಸುವ ಮದ್ದು ಕೊಟ್ಟದ್ದು ಅಕ್ಟೋಬರಿನಲ್ಲಿ. ಆಗ ಅವಳು ಹಗಲನ್ನು ದಿನಕ್ಕೆ ಐದು ನಿಮಿಷದಂತೆ ಕತ್ತರಿಸುತ್ತಿದ್ದಳು.

ಹೊರಗಿನ ಶಂಖಬೇಲೆಯಲ್ಲಿ ಹಗಲು ದಿನಕ್ಕೆ ಒಂದು ನಿಮಿಷವೂ ಬದಲಾಗುವುದಿಲ್ಲ. ಇಡೀ ವರ್ಷದಲ್ಲಿ ವ್ಯತ್ಯಾಸ ಎರಡು ಗಂಟೆಗೂ ಕಡಿಮೆ.

ಮದ್ದು ಯಾರನ್ನೂ ಎಬ್ಬಿಸಿರಲೇ ಇಲ್ಲ. ಎಬ್ಬಿಸಿದ್ದು ದೀಪ.

ಅವಳು ದಾಖಲೆ ಹಿಡಿದು ರಾಯ್ಕರರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಮನುಷ್ಯರು ಋತು ನೋಡಿ ಹೆರೋ ಪ್ರಾಣಿಗಳಲ್ಲ, ವನಮಾಲಾ ಅವ್ರೆ.”

“ಅಲ್ಲ ಸರ್. ಆದ್ರೆ ನಾವು ಕೊಟ್ಟ ಮದ್ದು ಋತು ನೋಡೋ ಪ್ರಾಣೀದು. ಆ ಅರವತ್ತರಲ್ಲಿ ಒಬ್ಬಳು ಬಿಟ್ಟು ಹೋದಳಲ್ಲ, ಅವಳು ಇಲ್ಲಿ ಇದ್ದಳಾ, ಮನೇಲಿದ್ದಳಾ?”

ರಾಯ್ಕರ್ ಮೇಜಿನ ಮೇಲಿನ ಪೆನ್ನನ್ನು ಎತ್ತಿ ಇಟ್ಟರು, ಮತ್ತೆ ಎತ್ತಿದರು.

“ಮನೇಲಿದ್ದಳು,” ಎಂದರು ಕಡೆಗೆ. “ಅತ್ತೆಗೆ ಹುಷಾರಿಲ್ಲ ಅಂತ ಇಲ್ಲಿ ಉಳೀಲಿಲ್ಲ. ಚುಚ್ಚುಮದ್ದು ಮನೆಗೇ ಹೋಗಿ ಕೊಟ್ವಿ.”

“ಅವಳು ಬಿಟ್ಟು ಹೋಗಲಿಲ್ಲ ಹಾಗಾದ್ರೆ.”

“ಅರವತ್ತರಲ್ಲಿ ಒಂದು. ಏನೋ ಅವಳ ಮೈದೇ ದೋಷ ಇರಬೇಕು ಅಂತ...” ಅವರು ಮುಗಿಸಲಿಲ್ಲ.

ವನಮಾಲಾ ವಿಳಾಸ ಬರೆದುಕೊಂಡು ಹೊರಟಳು.

ಅವಳ ಹೆಸರು ಮಾದೇವಿ. ಊರು ಹೆದ್ದಾರಿಯಿಂದ ಒಳಗೆ, ಗೇರುಗುಡ್ಡದ ಬುಡದಲ್ಲಿ. ವನಮಾಲಾ ಹೋದಾಗ ಅಂಗಳದ ಚಪ್ಪರದಡಿ ಕೂತು ಬಸಳೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಕೇಂದ್ರದಿಂದ ಬಂದವಳೆಂದು ತಿಳಿದಾಗ ಅವಳ ಕೈ ನಿಂತಿತು. ಜಗಳವಾಡಲಿಲ್ಲ. ಮಣೆ ತಂದಿಟ್ಟಳು.

“ಕೂಕಣಿ ಅಕ್ಕಾ. ಯಾರಾದ್ರೂ ಬತ್ರು ಅಂತ ಎರಡು ವರ್ಷದಿಂದ ನೋಡ್ತೆ ಇದ್ದೆ. ಇವತ್ತು ಬಂದ್ರಿ.”

“ಈಗ ಹೆಂಗದೆ ಮೈ?”

“ಮುಟ್ಟಾಗುದಿಲ್ಲ. ಹೊಟ್ಟೆ ಬರುದಿಲ್ಲ. ವರ್ಷಕ್ಕೊಂದ್ಸಲ ಪೇಟೆಗೆ ಹೋಗಿ ರಕ್ತ ತೋರಿಸ್ತೆ. ತಂಗಿದ ಗುರುತು ಅದೆ ಅಂತ್ರು.” ಮಾದೇವಿ ಸೊಪ್ಪನ್ನು ಬದಿಗೆ ಸರಿಸಿದಳು. “ಸತ್ರೆ ಅತ್ತು ಮುಗಿಸಬೌದಿತ್ತು. ಹುಟ್ಟಿದ್ರೆ ಎತ್ಕಂಬೌದಿತ್ತು. ಇದು ಎರಡೂ ಅಲ್ಲ. ಮನೇಲಿ ದೇವ್ರಿಗೆ ಹೂ ಇಡುವಾಗ ನಾ ಬಸ್ರಿ ಅಂತ ಬೇಡ್ಕಳ್ಲಾ, ಬಂಜೆ ಅಂತ ಬೇಡ್ಕಳ್ಲಾ? ಗಂಡ ಸುರುವಿಗೆ ಕೇಳ್ತಿದ್ದ. ಈಗ ಕೇಳುದಿಲ್ಲ. ನನ್ನ ಹೊಟ್ಟೆ ಕಡೆ ನೋಡುದೂ ಇಲ್ಲ, ಹೆದರ್ತ.”

ವನಮಾಲಾಳಿಗೆ ಸುಗಂಧಾ ಬಾಗಿಲಲ್ಲಿ ಛತ್ರಿ ಹಿಡಿದು ನಿಂತದ್ದು ಕಣ್ಣಮುಂದೆ ಬಂತು.

“ನನ್ನ ಸಂಗ್ತಿಗೆ ಬತ್ಯಾ?” ಎಂದಳು. “ಎರಡು ತಿಂಗಳು ನಮ್ಮ ಕೇಂದ್ರದಲ್ಲಿ ಇರುಕೆ. ಏಳ್ತದೆ ಅಂತ ಮಾತು ಕೊಡುಕೆ ನನ್ನಿಂದ ಆಗುದಿಲ್ಲ. ಏಳಬೌದು ಅಷ್ಟೇ.”

ಮಾದೇವಿ ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಂದಳು.

ಆಗಸ್ಟ್ ಹೊತ್ತಿಗೆ ಇನ್ನೂರ ಹದಿನಾಲ್ಕು ಹೆಂಗಸರು ಕಡಲ ಸಿಂಹಗಳ ಹಜಾರದಲ್ಲಿ ವಾಸಕ್ಕೆ ಬಂದರು. ಮೇಲಂತಸ್ತಿನ ಕೋಣೆಗಳು ತುಂಬಿ, ಕೊಳದ ಸುತ್ತಲಿನ ಮೊಗಸಾಲೆಯಲ್ಲೂ ಚಾಪೆ ಹಾಸಿದರು. ನಿಯಮ ಒಂದೇ: ಹೊರಗಿನ ಬೆಳಕು ಮೈಮೇಲೆ ಬೀಳಬಾರದು. ಗಂಡಂದಿರು, ತಾಯಂದಿರು ದೀಪವಿರುವ ಹೊತ್ತಿನಲ್ಲಿ ಎರಡು ಬಾಗಿಲು ದಾಟಿ ಒಳಗೆ ಬಂದು ನೋಡಿಹೋಗುತ್ತಿದ್ದರು. ಸುಗಂಧಾಳ ಗಂಡ ದಾಮೋದರ ದೋಣಿಯ ಎಂಜಿನ್ನು ರಿಪೇರಿ ಮಾಡುವವನು. ವಾರಕ್ಕೆರಡು ಸಲ ಬಂದು, ಮೀನಿನ ನಾತಕ್ಕೆ ಮೂಗು ಮುಚ್ಚಿಕೊಂಡು, ಹೆಂಡತಿಯ ಪಕ್ಕ ಕೂತು ಹೋಗುತ್ತಿದ್ದ.

ವನಮಾಲಾ ಎಲ್ಲರಿಗೂ ತಿನ್ನಲು ಹೇಳುತ್ತಿದ್ದಳು. ಎಂಟು ತಿಂಗಳು ಮುಳುಗಿ ಮುಳುಗಿ ಅವರ ಮೈಯಲ್ಲಿ ಎಲುಬು ಮಾತ್ರ ಉಳಿದಿತ್ತು. ಮೈಯಲ್ಲಿ ಕೊಬ್ಬಿಲ್ಲದ ಹೆಣ್ಣು ಪ್ರಾಣಿಗಳಲ್ಲಿ ಭ್ರೂಣ ಅಂಟಿಕೊಳ್ಳದ್ದನ್ನು ಅವಳು ಕಂಡಿದ್ದಳು. ಮನೆಯಿಂದ ತುಪ್ಪ, ತೆಂಗಿನಕಾಯಿ, ತಾರ್ಲೆ ಮೀನಿನ ಸಾರು ಹೊತ್ತು ತರುತ್ತಿದ್ದಳು. ಸುಗಂಧಾ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. “ಇಳಿಯುದಿಲ್ಲ ಅಮ್ಮಾ,” ಎನ್ನುತ್ತಿದ್ದಳು. ಮಾದೇವಿ ಮಾತ್ರ ಬಡಿಸಿದ್ದನ್ನೆಲ್ಲ ಉಣ್ಣುತ್ತಿದ್ದಳು, ಒಂದು ಕೆಲಸ ಮಾಡುವವಳ ಹಾಗೆ.

ದಿನ ಕಳೆದಂತೆ ಹಗಲು ಕಿರಿದಾಯಿತು. ಹೆಂಗಸರು ಮಾತು ಕಡಿಮೆ ಮಾಡಿದರು. ದೀಪ ಆರುವ ಹೊತ್ತಿಗೆ ಯಾರೂ ಹೇಳದೆ ಎಲ್ಲರೂ ಒಟ್ಟಿಗೇ ಎದ್ದು ಚಾಪೆಗೆ ಹೋಗುತ್ತಿದ್ದರು. ಬಂಡೆಯ ಮೇಲಿನ ಪ್ರಾಣಿಗಳೂ ಅದೇ ಗಳಿಗೆಗೆ ಮಗ್ಗುಲು ಬದಲಿಸುತ್ತಿದ್ದವು. ವನಮಾಲಾ ಗಾಜಿನ ಹಿಂದೆ ನಿಂತು ಅದನ್ನು ನೋಡುತ್ತಿದ್ದಳು. ಒಂದು ಗುಂಡಿಯ ಮೇಲೆ ಅವಳ ಬೆರಳಿತ್ತು, ಕೆಳಗೆ ಇಷ್ಟು ಬಸಿರುಗಳು. ಅವಳಿಗೆ ಅದು ಹಿತವೆನಿಸಲಿಲ್ಲ.

ಸೆಪ್ಟೆಂಬರ್ ಇಪ್ಪತ್ತರ ಪರೀಕ್ಷೆಯಲ್ಲಿ ಮೊದಲ ಹದಿನೇಳು ಮಂದಿಯದು ಎದ್ದಿತು.

ಹಜಾರದಲ್ಲಿ ಅಳು, ನಗು, ಕೂಗು. ದಳವಾಯಿ ಗಾಬರಿಯಾಗಿ ನೀರಿಗೆ ಹಾರಿತು. ರಾಯ್ಕರ್ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡರು.

ಇಪ್ಪತ್ತೆರಡಕ್ಕೆ ಪತ್ರ ಬಂತು. ಪಾಚಿ ಕಂಪನಿಯದು. ಮುಳುಗುಗಾರ್ತಿಯರಿಗೆ ಕೆಲಸ ಕೊಡುತ್ತಿದ್ದದ್ದೂ ಕೇಂದ್ರವನ್ನು ನಡೆಸುತ್ತಿದ್ದದ್ದೂ ಅವರೇ. ರಾಯ್ಕರ್ ಅದನ್ನು ವನಮಾಲಾಳ ಮುಂದಿಟ್ಟರು. ‘ಹಂಗಾಮು ಅಕ್ಟೋಬರ್ ಒಂದರಿಂದ ಆರಂಭವಾಗುತ್ತಿದ್ದು, ಇಷ್ಟೊಂದು ಸಂಖ್ಯೆಯ ಮುಳುಗುಗಾರ್ತಿಯರು ಏಕಕಾಲಕ್ಕೆ ಗರ್ಭಿಣಿಯರಾಗುವುದು ಕರಾರಿಗೆ ಬಾಧಕವಾಗಿರುತ್ತದೆ. ಬೆಳಕಿನ ಮೂಲಕ ಗರ್ಭವನ್ನು ತಡೆಹಿಡಿಯಲೂ ಮುಂದುವರಿಸಲೂ ಸಾಧ್ಯವೆಂಬುದು ಕೇಂದ್ರದ ವರದಿಯಿಂದ ತಿಳಿದುಬಂದಿರುವುದರಿಂದ, ಹಜಾರದ ಹಗಲನ್ನು ಕೂಡಲೇ ಹದಿನೆಂಟು ಗಂಟೆಗೆ ಏರಿಸಿ ಮುಂದಿನ ಆದೇಶದವರೆಗೆ ಸ್ಥಿರವಾಗಿ ಇಡತಕ್ಕದ್ದು.’

“ನೀವೇ ವರದಿ ಕಳಿಸಿದ್ರಾ ಸರ್?”

“ಕಳಿಸಲೇಬೇಕಿತ್ತು.” ರಾಯ್ಕರರ ದನಿ ಉಡುಗಿತ್ತು. “ಸಂತೋಷ ಪಡ್ತಾರೆ ಅಂದ್ಕೊಂಡಿದ್ದೆ. ತಪ್ಪು ಸರಿಮಾಡೋ ದಾರಿ ಸಿಕ್ಕಿತು ಅಂತ ಬರೆದೆ. ಅವರಿಗೆ ಅದರಲ್ಲಿ ಬೀಗದ ಕೈ ಕಾಣಿಸ್ತು.”

“ಈಗ ಎಂತ ಮಾಡುದು?”

“ಆದೇಶ ಪಾಲಿಸಬೇಕು,” ಎಂದು ಅವರು ಹೊರಟುಹೋದರು.

ವನಮಾಲಾ ಆ ದಿನ ಹಗಲಿನಿಂದ ಐದು ನಿಮಿಷ ಕತ್ತರಿಸಿದಳು. ಮರುದಿನ ಮತ್ತೆ ಐದು. ಕಂಪನಿಗೆ ಹೋಗುವ ದಿನವರದಿಯಲ್ಲಿ ಹದಿನೆಂಟು ಗಂಟೆ ಎಂದು ಬರೆದಳು. ಹದಿನೆಂಟು ವರ್ಷದಲ್ಲಿ ಅವಳು ಒಂದು ನಿಮಿಷವನ್ನೂ ತಪ್ಪಾಗಿ ಬರೆದವಳಲ್ಲ. ರಾಯ್ಕರ್ ದಿನಾ ಸಂಜೆ ದೀಪ ಆರುವಾಗ ಗಡಿಯಾರ ನೋಡುತ್ತಿದ್ದರು. ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ದಿನವರದಿಗೆ ಸಹಿ ಹಾಕಿದರು.

ಒಂಬತ್ತು ದಿನ ಹೀಗೆ ನಡೆಯಿತು. ಹದಿನೇಳು ನಲವತ್ತಾಯಿತು, ತೊಂಬತ್ತಾಯಿತು. ಅಕ್ಟೋಬರ್ ಒಂದರ ಬೆಳಗಿನ ಪರೀಕ್ಷೆಗೆ ನೂರ ಮೂವತ್ತೊಂಬತ್ತು. ಮಾದೇವಿಯದು ಅದರಲ್ಲಿತ್ತು. ಎರಡು ವರ್ಷ ಕಾದದ್ದು ಎದ್ದಿತ್ತು. ಕಾಗದವನ್ನು ಅವಳು ಓದಲಾರದೆ ವನಮಾಲಾಳ ಕೈಗಿತ್ತು, ವನಮಾಲಾ ಓದಿ ಹೇಳಿದ ಮೇಲೆ ನೆಲಕ್ಕೆ ಕುಸಿದು ಕೂತು, ಎರಡು ಕೈಯಿಂದ ಹೊಟ್ಟೆ ಹಿಡಿದುಕೊಂಡು, “ಬಂದ್ಯಾ?” ಎಂದಳು. “ಬಂದ್ಯಾ ನೀನು?”

ಸುಗಂಧಾಳದು ಎದ್ದಿರಲಿಲ್ಲ.

ಆ ಮಧ್ಯಾಹ್ನವೇ ಕಂಪನಿಯ ಎಂಜಿನಿಯರುಗಳು ಬಂದರು. ಕೊಯ್ಲಿಗೆ ಹೆಂಗಸರನ್ನು ಕರೆಯಲು ಬಂದವರಿಗೆ ಎದುರಾದದ್ದು ವಾಂತಿ ಮಾಡುತ್ತಿದ್ದ ನೂರಾರು ಬಸುರಿಯರು. ಬೆಳಕಿನ ಯಂತ್ರದ ನೆನಪನ್ನು ತೆಗೆದು ನೋಡಲು ಅವರಿಗೆ ಹತ್ತು ನಿಮಿಷ ಸಾಕಾಯಿತು. ವನಮಾಲಾಳ ಗುರುತಿನ ಚೀಟಿಯನ್ನು ಅಲ್ಲೇ ತೆಗೆದುಕೊಂಡರು. ನಿಯಂತ್ರಣ ಕೋಣೆಯಿಂದ ಹೊರಬೀಳುವಾಗ ಅವಳ ಹಿಂದೆ ಹಜಾರದ ದೀಪಗಳು ಮೆಲ್ಲಗೆ ಇನ್ನಷ್ಟು ಬೆಳಗತೊಡಗಿದವು. ಆರಬೇಕಾದ ಹೊತ್ತು ದಾಟಿದರೂ ಆರಲಿಲ್ಲ. ಕೊಳದ ಹನ್ನೊಂದು ಹೆಣ್ಣುಗಳಲ್ಲಿ ಒಂದರದ್ದೂ ಇನ್ನೂ ಅಂಟಿಕೊಂಡಿರಲಿಲ್ಲ. ಅವುಗಳ ಸಮಯ ಇನ್ನೊಂದು ವಾರದಲ್ಲಿತ್ತು.

ಬಸುರಿಯರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿ, ಏಳದೆ ಉಳಿದ ಎಪ್ಪತ್ತೈದು ಮಂದಿಯನ್ನು ಮರುದಿನವೇ ದೋಣಿಗೆ ಹತ್ತಿಸಿದರು. ಸುಗಂಧಾ ಸಂಜೆ ಉಪ್ಪು ಹಿಡಿದ ಕೂದಲಲ್ಲಿ ಬಂದು ಅಮ್ಮನ ಮನೆಯ ಜಗಲಿಯಲ್ಲಿ ಕೂತಳು.

“ಇನ್ನು ಅವ್ರು ಹೇಳಿದಾಗ ಹಡೆಯುದು ನಾವು,” ಎಂದಳು. “ಅಥವಾ ಹಡೆಯುದೇ ಇಲ್ಲ.”

ವನಮಾಲಾ ಎದ್ದು ಹೋಗಿ ಅಟ್ಟದಿಂದ ಹಳೆಯ ಹಾಯಿಯ ಬಟ್ಟೆ ಇಳಿಸಿದಳು. ಅದನ್ನು ಕತ್ತರಿಸಿ, ಎರಡು ಪದರ ಹೊಲಿದು, ಒಳಕೋಣೆಯ ಕಿಟಕಿಗೆ ಮೊಳೆ ಹೊಡೆದಳು. ಬಾಗಿಲ ಸಂದಿಗೆ ಗೋಣಿ ತುರುಕಿದಳು. ಕೈಗಡಿಯಾರ ಬಿಚ್ಚಿ ಗೋಡೆಗೆ ತೂಗುಹಾಕಿದಳು.

“ಇವತ್ತು ಆರಕ್ಕೆ ಮೂರು ನಿಮಿಷ ಇರುವಾಗ ಒಳಗೆ ಹೋಗಬೇಕು ನೀನು. ನಾಳೆ ಆರು ನಿಮಿಷ ಇರುವಾಗ. ದಾಮುಗೆ ಹೇಳು, ಊಟ ಅಲ್ಲೇ ತಂದು ಕೊಡ್ತೆ. ಇನ್ಮೇಲೆ ತಟ್ಟೆ ಸರಿಸಿದ್ರೆ ಕೇಳುದಿಲ್ಲ ನಾನು.”

ಸುಗಂಧಾ ಅಮ್ಮನ ಮುಖ ನೋಡಿದಳು. ಎದ್ದು ಒಳಗೆ ಹೋದಳು.

ನಾಲ್ಕನೇ ದಿನ ಪಕ್ಕದ ಮನೆಯವಳು ಬಂದು ಹಾಯಿ ಬಟ್ಟೆ ಉಳಿದಿದೆಯೆ ಎಂದು ಕೇಳಿದಳು. ವಾರದಲ್ಲಿ ಕೇರಿಯ ಹನ್ನೆರಡು ಮನೆಗಳಲ್ಲಿ, ಮತ್ತೊಂದು ವಾರಕ್ಕೆ ಎಪ್ಪತ್ತೈದರಲ್ಲೂ ಕಿಟಕಿಗೆ ಪರದೆ ಬಂತು. ವನಮಾಲಾ ಬೆಳಿಗ್ಗೆ ಮನೆಮನೆಗೆ ಹೋಗಿ ಆ ದಿನದ ಹೊತ್ತನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದುಬರುತ್ತಿದ್ದಳು. ದೋಣಿ ಮೂರೂವರೆಗೆ ದಡ ಸೇರುತ್ತಿತ್ತು. ನವೆಂಬರ್ ಬರುವಷ್ಟರಲ್ಲಿ, ದಂಡೆಯಲ್ಲಿ ಇನ್ನೂ ಬಿಸಿಲು ಚುರುಗುಟ್ಟುತ್ತಿರುವಾಗಲೇ ಹೆಂಗಸರು ಬೇಗಬೇಗ ಹೆಜ್ಜೆ ಹಾಕಿ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಂಡಸರು ಅಂಗಳದಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತ ಕೂರುತ್ತಿದ್ದರು. ಹಾಡುಹಗಲೇ ಕೇರಿಯಲ್ಲಿ ಒಂದು ಹೆಣ್ಣುದನಿ ಕೇಳಿಸುತ್ತಿರಲಿಲ್ಲ. ಪೇಟೆಯಿಂದ ಬಂದ ಬಳೆಗಾರ್ತಿಯೊಬ್ಬಳು ಇಲ್ಲಿ ಏನೋ ರೋಗ ಬಂದಿದೆಯೆಂದು ಹೆದರಿ ಬುಟ್ಟಿ ಇಳಿಸದೆ ಹಿಂದಿರುಗಿದಳು.

ನಲವತ್ಮೂರನೇ ದಿನ ಆರೋಗ್ಯ ಕೇಂದ್ರದ ನರ್ಸ್ ತಾನೇ ಮನೆಗೆ ಬಂದಳು. ಕಾಗದ ತಂದಿರಲಿಲ್ಲ, ಕಾಗದವಿದ್ದರೆ ಕಂಪನಿಗೆ ಹೋಗುತ್ತದೆ ಎಂದಳು. ಸುಗಂಧಾಳ ಕಿವಿಯಲ್ಲಿ ಹೇಳಿದಳು. ಸುಗಂಧಾ ಅಮ್ಮನ ಕೈ ಹಿಡಿದು, ಅದನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಇಬ್ಬರೂ ಕತ್ತಲಕೋಣೆಯ ಹೊಸ್ತಿಲಲ್ಲಿ ಹಾಗೇ ನಿಂತಿದ್ದರು.

“ಬೇರೆಯವ್ರದ್ದು?” ವನಮಾಲಾ ಕೇಳಿದಳು.

“ಇವಳದ್ದೂ ಸೇರಿ ಮೂವತ್ನಾಕು ಎದ್ದದೆ. ನಲವತ್ತೊಂದು ಇನ್ನೂ ಇಲ್ಲ.”

ಮರುದಿನ ಕೇರಿಗೆ ಮೈಕು ಕಟ್ಟಿದ ಜೀಪು ಬಂತು. ಮುಳುಗುಗಾರ್ತಿಯರ ಮನೆಗಳಲ್ಲಿ ಹಗಲು ಹೊತ್ತು ಕಿಟಕಿ ಮುಚ್ಚುವುದು ಕರಾರಿನ ಉಲ್ಲಂಘನೆ, ಸೋಮವಾರದಿಂದ ತಪಾಸಣೆ ನಡೆಯುತ್ತದೆ ಎಂದು ಸಾರುತ್ತ, ಒಂದೊಂದು ಮನೆಯ ಮುಂದೂ ನಿಧಾನಿಸುತ್ತ ಹೋಯಿತು. ಸಾರುವ ದನಿ ಹೆಣ್ಣಿನದು, ಇಂಪಾಗಿತ್ತು.

ವನಮಾಲಾ ಆ ಮಧ್ಯಾಹ್ನ ಕೇಂದ್ರಕ್ಕೆ ಹೋದಳು. ರಾಯ್ಕರ್ ಆಗಲೇ ರಾಜೀನಾಮೆ ಕೊಟ್ಟು ಹೋಗಿದ್ದರು. ಕಾವಲಿನವ ಅವಳ ಪರಿಚಯದವನೇ, ಸುಮ್ಮನೆ ಬಿಟ್ಟ. ನಿಯಂತ್ರಣ ಕೋಣೆಯಲ್ಲಿ ಅವಳ ಕುರ್ಚಿಯಲ್ಲಿ ಇಲಿಯಾಸ್ ಎಂಬ ಹೊಸ ತಂತ್ರಜ್ಞ ಕೂತಿದ್ದ. ಅವಳು ಯಾರೆಂದು ತಿಳಿದು ಎದ್ದು ನಿಂತ.

“ಹೆಂಗಸರ ವಿಷಯ ಕೇಳುಕೆ ಬರ್ಲಿಲ್ಲ,” ಎಂದಳು ವನಮಾಲಾ. “ಇಲ್ಲಿ ಈಗ ಹೆಂಗಸರೇ ಇಲ್ಲ. ಈ ಪ್ರಾಣಿಗಳಿಗಾದ್ರೂ ಹಗಲು ಕಡಿಮೆ ಮಾಡಿ. ಅವುಕ್ಕೆ ಹೊತ್ತು ಮೀರ್ತಾ ಅದೆ.”

“ನನ್ನ ಕೈಯಲ್ಲಿಲ್ಲ ಅಕ್ಕಾ.” ಅವನು ಮೇಜಿನ ಕಡೆ ತೋರಿಸಿದ. ಗುಂಡಿಗಳಿದ್ದ ಜಾಗಕ್ಕೆ ಉಕ್ಕಿನ ತಗಡು ಬಿಗಿದಿತ್ತು. “ಈಗ ಎಲ್ಲ ರಾಜಧಾನಿಯಿಂದ ನಡೀತದೆ. ನಾನು ಬಲ್ಬು ಹೋದ್ರೆ ಹಾಕ್ತೇನೆ, ಅಷ್ಟೇ. ಮುಂದಿನ ತಿಂಗಳು ಬೇರೆ ಊರಿಂದ ಹೊಸ ಮುಳುಗುಗಾರ್ತಿಯರು ಬರ್ತಾರಂತೆ, ಮುನ್ನೂರು ಜನ. ಮದ್ದು ತಗೊಂಡೇ ಬರ್ತಾರೆ. ಇಲ್ಲೇ ಇರ್ತಾರೆ. ಅದಕ್ಕೇ ಹಗಲು ಹೀಗೇ ಇರಲಿ ಅಂದಿದ್ದಾರೆ.”

“ಎಷ್ಟು ದಿನ?”

ಇಲಿಯಾಸ್ ತಲೆ ತಗ್ಗಿಸಿದ. “ಮುಂದಿನ ಆದೇಶದವರೆಗೆ ಅಂತ ಬರೆದಿದೆ.”

ವನಮಾಲಾ ಗಾಜಿನ ಬಳಿ ಹೋದಳು. ನವೆಂಬರ್ ಮಧ್ಯದಲ್ಲಿ ಆ ಹಜಾರದಲ್ಲಿ ಈ ಹೊತ್ತಿಗೆ ಮಬ್ಬು ಕವಿಯಬೇಕಿತ್ತು. ದೀಪಗಳು ನಡುಬೇಸಗೆಯ ಬಿಸಿಲಿನಂತೆ ಉರಿಯುತ್ತಿದ್ದವು. ಹನ್ನೊಂದು ತಾಯಂದಿರು ಮೈತುಂಬಿಕೊಂಡು ಬಂಡೆಗಳ ಮೇಲೆ ಬಿದ್ದಿದ್ದವು. ಪಕ್ಕದಲ್ಲಿ ಆ ವರ್ಷದ ಮರಿಗಳು ಹಾಲು ಕುಡಿಯುತ್ತಿದ್ದವು. ತಂಪಿತ್ತು, ಮೀನಿತ್ತು, ಯಾವುದಕ್ಕೂ ಕೊರತೆಯಿರಲಿಲ್ಲ. ಹನ್ನೊಂದರ ಒಳಗೂ ಸೂಜಿಮೊನೆಯಷ್ಟು ಜೀವ ತೇಲುತ್ತ ಹಗಲು ಕಿರಿದಾಗುವುದನ್ನು ಕಾಯುತ್ತಿತ್ತು. ಬರುವ ಜೂನಿನಲ್ಲಿ ಈ ಬಂಡೆಗಳ ಮೇಲೆ ಮರಿ ಇರುವುದಿಲ್ಲ. ಅದರ ಮುಂದಿನ ಜೂನಿನಲ್ಲೂ ಇರಲಾರದು. ಜಗತ್ತಿನಲ್ಲಿ ಬೇರೆಲ್ಲೂ ಇವು ಇರಲಿಲ್ಲ.

ಗೋಡೆಯ ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು. ಸೋಮವಾರಕ್ಕೆ ಇನ್ನು ಮೂರು ದಿನ. ನಲವತ್ತೊಂದು ಮನೆಗಳ ಬಾಗಿಲ ಮೇಲೆ ಇಂದಿನ ಹೊತ್ತು ಬರೆದಾಗಿತ್ತು, ನಾಳಿನದು ಬರೆಯಬೇಕಿತ್ತು. ವನಮಾಲಾ ಇಲಿಯಾಸನಿಗೆ ಬರುತ್ತೇನೆಂದು ಹೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿಲಿಗೆ ಇಳಿದು ಕೇರಿಯ ಕಡೆ ಬಿರಬಿರನೆ ನಡೆದಳು.